ಷೇರುಪೇಟೆಯ ಹಣ ಯಾರ ಕೈ ಸೇರುತ್ತದೆ?



ಷೇರುಪೇಟೆಯಿಂದ ಕಂಪನಿಗಳಿಗೂ ಸಮಾಜಕ್ಕೂ ಪ್ರಯೋಜನವಿದೆಯೇ ಎಂಬುದು ಈ ವಿಚಾರ ಸಂಕಿರಣದ ವಿಷಯ. ಸಂಜೆಯೊಳಗೆ ಅದು ಅಭಿವೃದ್ಧಿಯ ಮೂಲ ಎನ್ನುವವರೂ ಬರೀ ಜೂಜು ಎನ್ನುವವರೂ ಇಲ್ಲಿ ಮಾತನಾಡಲಿದ್ದಾರೆ. ಇಬ್ಬರ ಮುಂದೆಯೂ ನಾನು ಒಂದೇ ಪ್ರಶ್ನೆ ಇಡುತ್ತೇನೆ: ಜನ ಹಾಕಿದ ಹಣ ಕೊನೆಗೆ ಯಾರ ಕೈ ಸೇರಿತು?

ನಮ್ಮ ಇನ್ಫೊಸಿಸ್‌ನಿಂದಲೇ ಶುರುಮಾಡೋಣ. 1981ರಲ್ಲಿ 10,000 ರೂಪಾಯಿಯಲ್ಲಿ ಹುಟ್ಟಿದ ಕಂಪನಿ. ಅಡವಿಡಲು ದೊಡ್ಡ ಯಂತ್ರಗಳಿಲ್ಲ, ಗೋದಾಮಿನಲ್ಲಿ ಸರಕಿಲ್ಲ. ಬ್ಯಾಂಕಿನವರು ಏನನ್ನು ನೋಡಿ ದೊಡ್ಡ ಸಾಲ ಕೊಟ್ಟಾರು? ಷೇರು ವಿತರಿಸೋಣವೆಂದರೆ 1992ರವರೆಗೆ ಅದರ ಬೆಲೆಗೆ ದೆಹಲಿಯ ಬಂಡವಾಳ ವಿತರಣಾ ನಿಯಂತ್ರಕರ ಒಪ್ಪಿಗೆ ಬೇಕಿತ್ತು. ಆ ನಿಯಂತ್ರಣ ಹೋದ ಮರುವರ್ಷ ಕಂಪನಿ ತಲಾ 95 ರೂಪಾಯಿಗೆ ಷೇರು ಹಿಡಿದು ಜನರ ಮುಂದೆ ಬಂತು. ಯಾರೂ ಮುಗಿಬೀಳಲಿಲ್ಲ! ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಒಂದಷ್ಟು ಪಾಲು ಕೊಂಡದ್ದರಿಂದ ವಿತರಣೆ ದಡ ಸೇರಿತು. 1999ರಲ್ಲಿ ಅದೇ ಕಂಪನಿ ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ನೋಂದಾಯಿತವಾದ ಮೊದಲ ಭಾರತೀಯ ಕಂಪನಿಯಾಯಿತು. ನೌಕರರಿಗೂ ಷೇರು ಹಂಚಿದ್ದರಿಂದ ಬೆಂಗಳೂರಿನ ಎಷ್ಟೋ ಸಂಬಳದಾರರು ಒಡೆತನದಲ್ಲಿ ಪಾಲು ಪಡೆದರು. ಇಲ್ಲಿ ಪೇಟೆ ಮಾಡಬೇಕಾದ ಕೆಲಸ ಮಾಡಿತು ಎಂದು ಅನುಮಾನವಿಲ್ಲದೆ ಹೇಳುತ್ತೇನೆ.

ಈಗ 2024ರ ಅಕ್ಟೋಬರ್‌ಗೆ ಬನ್ನಿ. ಹುಂಡೈ ಮೋಟಾರ್ ಇಂಡಿಯಾದ ಐಪಿಒ, ಅಂದರೆ ಷೇರುಗಳ ಮೊದಲ ಸಾರ್ವಜನಿಕ ಮಾರಾಟ, ಸುಮಾರು 27,870 ಕೋಟಿ ರೂಪಾಯಿ. ಅಲ್ಲಿಯವರೆಗೆ ದೇಶದಲ್ಲೇ ಅತಿ ದೊಡ್ಡದು. ಅದರಲ್ಲಿ ಒಂದು ರೂಪಾಯಿಯೂ ಶ್ರೀಪೆರಂಬುದೂರಿನ ಕಾರ್ಖಾನೆ ನಡೆಸುವ ಕಂಪನಿಗೆ ಬರಲಿಲ್ಲ. ಕೊರಿಯಾದ ಮಾತೃಸಂಸ್ಥೆ ತನ್ನ ಪಾಲು ಮಾರಿತು, ಹಣ ಅದಕ್ಕೆ ಹೋಯಿತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಹಾಕಿದ ಹಣವನ್ನು ಬೇಕೆಂದಾಗ ಹಿಂಪಡೆಯುವ ದಾರಿಯೇ ಇಲ್ಲದಿದ್ದರೆ ಹೊಸ ಉದ್ಯಮಕ್ಕೆ ಯಾರೂ ಕೈಹಾಕುವುದಿಲ್ಲ. ದಿನನಿತ್ಯದ ಕೊಳ್ಳುವಿಕೆ, ಮಾರುವಿಕೆಗೆ ಇರುವ ಸಮರ್ಥನೆಯೂ ಇದೇ. ಆದರೆ ಇಂಥ ಪಾಲು ಮಾರಾಟವನ್ನು ‘ಬಂಡವಾಳ ಸಂಗ್ರಹ’ ಎಂದು ಲೆಕ್ಕ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಮೂರನೆಯದು ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಷೇರುಗಳ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ ವಹಿವಾಟು. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಇಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023–24ರಲ್ಲಿ ಹೀಗೆ ವಹಿವಾಟು ಮಾಡಿದವರಲ್ಲಿ ಶೇ 43ರಷ್ಟು ಮಂದಿ ಮೂವತ್ತರೊಳಗಿನವರು. ಗೆದ್ದವರಲ್ಲಿ ಮುಂದಿದ್ದದ್ದು ಕಂಪ್ಯೂಟರ್ ಪ್ರೋಗ್ರಾಂಗಳಿಂದ ಆಡುವ ದೊಡ್ಡ ಸಂಸ್ಥೆಗಳು. ಈ ಹಣದಿಂದ ಯಾವ ಊರಿನಲ್ಲೂ ಒಂದು ಶೆಡ್ ಎದ್ದಿಲ್ಲ. ಬೆಲೆಯ ಅಪಾಯ ತಗ್ಗಿಸಲು ಹುಟ್ಟಿದ ವ್ಯವಸ್ಥೆ ಸಂಬಳದ ಹುಡುಗರ ಉಳಿತಾಯವನ್ನು ನುಂಗುತ್ತಿದ್ದರೆ ಅದನ್ನು ಸಮಾಜದ ಲಾಭದ ಕಡೆಗೆ ಬರೆಯಲು ಸಾಧ್ಯವಿಲ್ಲ.

ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ಸೆನ್ಸೆಕ್ಸ್ ಎಷ್ಟು ಏರಿತು ಎಂಬಲ್ಲಿಗೆ ಮಾತು ಮುಗಿಸಬೇಡಿ. ಪ್ರತಿ ಐಪಿಒದ ವಿವರಪತ್ರದಲ್ಲಿ ಹಣ ಯಾವುದಕ್ಕೆ ಎಂಬ ಅಧ್ಯಾಯವಿರುತ್ತದೆ. ಹೊಸ ಷೇರು ಎಷ್ಟು, ಹಳಬರು ಮಾರಿದ್ದು ಎಷ್ಟು ಎಂಬುದೂ ಅಲ್ಲೇ ಸಿಗುತ್ತದೆ. ಕರ್ನಾಟಕದ ಹತ್ತು ಕಂಪನಿಗಳ ವಿವರಪತ್ರ ತೆಗೆದು, ಐದು ವರ್ಷಗಳ ಬಳಿಕ ಅಲ್ಲಿ ಕೊಟ್ಟ ಮಾತು ಎಷ್ಟು ನಡೆಯಿತೆಂದು ಪರಿಶೀಲಿಸಿ ಬರೆಯಿರಿ.