ಕೆಪ್ಲರನ ತಾಯಿಯ ಮೇಲೆ ಮಾಟದ ಮೊಕದ್ದಮೆ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾಟದ ಮಾತು ಬಂದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅದು ನಿಜವೋ, ಸುಳ್ಳೋ? ಚರಿತ್ರೆ ಓದುವವರನ್ನು ಕಾಡುವ ಪ್ರಶ್ನೆ ಬೇರೆ. ಮಾಟದ ಭಯ ಇಲ್ಲದ ಸಮಾಜವೇ ಅಪರೂಪ. ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು, ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಡುವುದು ನಮಗೆ ಹೊಸತಲ್ಲ. ಅವುಗಳಿಂದ ನಿಂಬೆಹಣ್ಣಿಗಷ್ಟೇ ನಷ್ಟ. ಹಾಗಾದರೆ ಈ ಭಯ ಯಾವಾಗ, ಹೇಗೆ ಮನುಷ್ಯರನ್ನು ಕೊಲ್ಲತೊಡಗುತ್ತದೆ?

ಯುರೋಪಿನಲ್ಲಿ ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಮಾಟದ ಆರೋಪದ ಮೇಲೆ ಸತ್ತವರು ಸುಮಾರು 40ರಿಂದ 60 ಸಾವಿರ ಎಂದು ಇಂದಿನ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ತೊಂಬತ್ತು ಲಕ್ಷ ಎಂಬ ಅಂಕಿ ಬಹಳ ಕಾಲ ಪ್ರಚಾರದಲ್ಲಿತ್ತು, ಅದಕ್ಕೆ ಆಧಾರವಿಲ್ಲ. ಸತ್ತವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಸುಮಾರು ಅರ್ಧದಷ್ಟು ಜನ ಜರ್ಮನ್ ನಾಡುಗಳವರು. ಇದನ್ನು ‘ಮಧ್ಯಯುಗದ ಕತ್ತಲೆ’ ಎಂದು ತಳ್ಳಿಹಾಕುವಂತಿಲ್ಲ. ಬೇಟೆ ಅತ್ಯಂತ ಉಗ್ರವಾಗಿದ್ದುದು 1560ರಿಂದ 1650ರ ನಡುವೆ. ಅಂದರೆ ಅಚ್ಚಿನ ಪುಸ್ತಕಗಳು ಮನೆ ಸೇರಿದ್ದ, ಗೆಲಿಲಿಯೊ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ್ದ ಕಾಲದಲ್ಲಿ. ಕೊಂದದ್ದು ಬಹುಪಾಲು ಹುಚ್ಚೆದ್ದ ಗುಂಪೂ ಅಲ್ಲ. ದೂರು, ಸಾಕ್ಷಿ, ಹೇಳಿಕೆ, ತೀರ್ಪು ಎಲ್ಲವೂ ದಾಖಲೆಯಾಗುತ್ತಿದ್ದ ನ್ಯಾಯಾಲಯಗಳು.

ಅಂಥ ಒಂದೇ ಒಂದು ಕಡತವನ್ನು ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇನೆ. ಅದರಲ್ಲಿ ನಾವೆಲ್ಲ ಶಾಲೆಯಲ್ಲಿ ಓದಿದ ಒಂದು ಹೆಸರಿದೆ. ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ತೋರಿಸಿದ ಜೊಹಾನೆಸ್ ಕೆಪ್ಲರ್. ಆರೋಪಿ ಅವನ ತಾಯಿ, ಕಥರೀನಾ.

ಆಕೆ ಹೋಟೆಲು ನಡೆಸುತ್ತಿದ್ದವನ ಮಗಳು. ವ್ಯುರ್ಟೆಂಬರ್ಗ್ ಸಂಸ್ಥಾನದ ಲೆಯೊನ್‌ಬೆರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ವಾಸ. ಗಂಡ ಕೂಲಿ ಸೈನಿಕ. ಯುದ್ಧಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಓದು ಬರಹ ತಿಳಿಯದು, ಗಿಡಮೂಲಿಕೆ ತಿಳಿಯುತ್ತಿತ್ತು. ಕೇಳಿದವರಿಗೂ ಕೇಳದವರಿಗೂ ಮದ್ದು ಹೇಳುವಳು. ಬಾಯಿ ಜೋರು. ತರುಣ ಕೆಪ್ಲರನೇ ಮನೆಯವರ ಜಾತಕ ಬರೆಯುವಾಗ ತಾಯಿಯನ್ನು ಬಾಯಿಬಡುಕಿ, ಜಗಳಗಂಟಿ ಎಂದು ಬರೆದಿಟ್ಟಿದ್ದ. (ಹೌದು, ಹೊಟ್ಟೆಪಾಡಿಗೆ ಅವನೂ ಜಾತಕ ಬರೆಯುತ್ತಿದ್ದ.)

1615ರಲ್ಲಿ ಕಿಟಕಿಗೆ ಗಾಜು ಕೂಡಿಸುವವನೊಬ್ಬನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್, ಕಥರೀನಾ ಕೊಟ್ಟ ಕಹಿ ಪಾನೀಯದಿಂದಲೇ ತನಗೆ ಕಾಯಿಲೆ ಬಂತು ಎಂದು ಹೇಳತೊಡಗಿದಳು. ಆ ಎರಡು ಮನೆಗಳ ನಡುವೆ ಮೊದಲೇ ಮನಸ್ತಾಪವಿತ್ತು. ಜಗಳವೇನೋ ಬೀದಿಯದು. ಆದರೆ ಉರ್ಸುಲಾಳ ತಮ್ಮ ಅರಮನೆಯಲ್ಲಿ ಕ್ಷೌರಿಕ ವೈದ್ಯ. ಊರಿನ ಅಧಿಕಾರಿ ಐನ್‌ಹಾರ್ನ್ ಅವನ ಜೊತೆಗಾರ. ಇಬ್ಬರೂ ಕುಡಿದು ಮುದುಕಿಯನ್ನು ಕರೆಸಿ, ಕತ್ತಿ ತೋರಿಸಿ, ಹಾಕಿದ ಮಾಟವನ್ನು ತೆಗೆ ಎಂದು ಬೆದರಿಸಿದರು. ಮಕ್ಕಳು ಸುಮ್ಮನಿರಲಿಲ್ಲ, ಮಾನನಷ್ಟದ ದಾವೆ ಹೂಡಿದರು. ಊರಿಗೆ ನಿಜವಾಗಿ ಬಾಯಿ ಬಂದದ್ದು ಆಮೇಲೆ.

ಈ ಕಡತದಲ್ಲಿ ನಿಂತು ನೋಡಬೇಕಾದ ಜಾಗ ಇದು. ದರ್ಜಿಯೊಬ್ಬನ ಎರಡು ಮಕ್ಕಳು ಹಿಂದೆ ತೀರಿಕೊಂಡಿದ್ದವು. ಆಕೆ ತೊಟ್ಟಿಲ ಬಳಿ ಬಗ್ಗಿ ಏನೋ ಮಂತ್ರ ಹೇಳಿದ್ದಳು ಎಂಬುದು ಈಗ ನೆನಪಾಯಿತು. ಇಟ್ಟಿಗೆ ಹೊರುತ್ತಿದ್ದ ಹುಡುಗಿಗೆ ಆಕೆ ಪಕ್ಕದಲ್ಲಿ ಹಾದುಹೋದ ಕೂಡಲೇ ಕೈ ನೋವು ಬಂದಿತ್ತು. ಕೆಪ್ಲರನ ಸಹಪಾಠಿಯಾಗಿದ್ದ ಶಾಲಾಮಾಸ್ತರನ ಕಾಲು ಕುಂಟಾಗಿತ್ತು. ಹಿಂದೊಮ್ಮೆ ಆಕೆಯ ಮನೆಯಲ್ಲಿ ಏನೋ ಕುಡಿದಿದ್ದೆನಲ್ಲ ಎಂದು ಅವನಿಗೂ ಹೊಳೆಯಿತು. ಇವರೆಲ್ಲ ಸುಳ್ಳುಗಾರರಲ್ಲ. ಮಗು ಸತ್ತದ್ದು ನಿಜ, ಕಾಲು ಹೋದದ್ದು ನಿಜ. ಕಾರಣ ತಿಳಿಯದ ದುಃಖಕ್ಕೆ ಒಬ್ಬಳ ಹೆಸರು ಸಿಕ್ಕಿತು, ಅಷ್ಟೇ. ದೂರಿನ ಪಟ್ಟಿ ಕೊನೆಗೆ 49 ಅಂಶಗಳಿಗೆ ಬೆಳೆಯಿತು.

ಮುದುಕಿಯೂ ತನ್ನ ಕೇಸನ್ನು ತಾನೇ ಕೆಡಿಸಿಕೊಂಡಳು. ದೂರು ಮುಂದುವರಿಸಬೇಡಿ ಎಂದು ಐನ್‌ಹಾರ್ನನಿಗೆ ಬೆಳ್ಳಿ ಲೋಟದ ಆಸೆ ತೋರಿಸಿದಳು. ಇನ್ನೊಂದು ಸಂಗತಿಯಂತೂ ಕೇಳಿದರೆ ನಂಬುವುದು ಕಷ್ಟ. ಸತ್ತವರ ತಲೆಬುರುಡೆಯಿಂದ ಹಿಂದಿನವರು ಪಾನಪಾತ್ರೆ ಮಾಡಿಸುತ್ತಿದ್ದರು ಎಂದು ಚರ್ಚಿನ ಪ್ರವಚನದಲ್ಲಿ ಕೇಳಿ, ತನ್ನ ಅಪ್ಪನ ಬುರುಡೆಯನ್ನು ತೆಗೆದುಕೊಡು, ಬೆಳ್ಳಿ ಕಟ್ಟಿಸಿ ಮಗನಿಗೆ ಕೊಡುತ್ತೇನೆ ಎಂದು ಗುಂಡಿ ತೋಡುವವನನ್ನು ಕೇಳಿದ್ದಳು!

1620ರ ಆಗಸ್ಟ್ 7ರ ರಾತ್ರಿ, ಪಾದ್ರಿಯ ಹೆಂಡತಿಯಾಗಿದ್ದ ಮಗಳ ಮನೆಯಿಂದ, ಊರವರ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಆಕೆಯನ್ನು ಹೊತ್ತೊಯ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಸುಮಾರು ಹದಿನಾಲ್ಕು ತಿಂಗಳ ಸೆರೆವಾಸದ ಬಹುಭಾಗವನ್ನು ಕಳೆದದ್ದು ಗ್ಯುಗ್ಲಿಂಗೆನ್ ಎಂಬ ಊರಿನಲ್ಲಿ, ಸರಪಳಿಯಲ್ಲಿ. ಕಾಯಲು ಇಬ್ಬರು. ಅವರ ಕೂಲಿ, ಚಳಿಗೆ ಅವರು ಉರಿಸುವ ಸೌದೆ, ಎಲ್ಲ ಖರ್ಚೂ ಆಕೆಯ ಆಸ್ತಿಯ ಮೇಲೆ. ಹೀಗೇ ಆದರೆ ತೀರ್ಪಿಗೆ ಮುಂಚೆ ಆಸ್ತಿಯೇ ಉರಿದುಹೋಗುತ್ತದೆ ಎಂದು ಮಗ ಅರ್ಜಿ ಬರೆಯಬೇಕಾಯಿತು.

ಆ ಮಗ ಆಗ ಚಕ್ರವರ್ತಿಯ ಆಸ್ಥಾನ ಗಣಿತಜ್ಞ. ತನ್ನ ಮೂರನೆಯ ನಿಯಮವಿರುವ ಗ್ರಂಥವನ್ನು 1619ರಲ್ಲಷ್ಟೇ ಪ್ರಕಟಿಸಿದ್ದ. ಲಿಂಜ್ ನಗರದ ಕೆಲಸ ಬಿಟ್ಟು ಬಂದು ಒಂದು ವರ್ಷ ಈ ಮೊಕದ್ದಮೆಗೇ ಮುಡಿಪಾದ. ನ್ಯಾಯಾಲಯದ ಗುಮಾಸ್ತ ದಾಖಲೆಯಲ್ಲಿ, ಕೈದಿ ದುರದೃಷ್ಟವಶಾತ್ ಮಗನ ನೆರವಿನೊಂದಿಗೆ ಹಾಜರಾಗಿದ್ದಾಳೆ ಎಂದು ಬರೆದಿದ್ದಾನೆ. ಆ ‘ದುರದೃಷ್ಟವಶಾತ್’ ಎಂಬ ಒಂದು ಪದ ಇಡೀ ವ್ಯವಸ್ಥೆಯ ಮನಸ್ಸನ್ನು ಹೇಳುತ್ತದೆ.

ಕೆಪ್ಲರ್ ಸಿದ್ಧಪಡಿಸಿದ ಪ್ರತಿವಾದ 128 ಪುಟ. ಮಾಟಗಾತಿಯರೇ ಇಲ್ಲ ಎಂಬ ವಾದ ಅದರಲ್ಲಿಲ್ಲ. ಹಾಗೆ ವಾದಿಸಿದ್ದರೆ ಆ ಕಾಲದಲ್ಲಿ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೇಳಿದ್ದು ಖಗೋಳಶಾಸ್ತ್ರಜ್ಞನೊಬ್ಬ ಕೇಳುವಂಥ ಪ್ರಶ್ನೆಗಳನ್ನು: ಯಾವ ದಿನ? ಯಾರು ಕಂಡರು? ಕಾಯಿಲೆ ಮೊದಲೋ, ಪಾನೀಯ ಮೊದಲೋ? ಉರ್ಸುಲಾಳ ರೋಗ ಹಳೆಯದು, ಅದಕ್ಕೆ ಬೇರೆಯವರ ಮದ್ದೂ ಆಗಿತ್ತು. ಹುಡುಗಿಯ ಕೈ ನೊಂದದ್ದು ಇಟ್ಟಿಗೆಯ ಭಾರಕ್ಕೆ. ಮಾಸ್ತರ ಹಳ್ಳ ಹಾರಲು ಹೋಗಿ ಕಾಲು ಕೆಡಿಸಿಕೊಂಡಿದ್ದ. ತೊಟ್ಟಿಲ ಬಳಿ ಆಕೆ ಹೇಳಿದ್ದು ಹರಕೆಯ ಪ್ರಾರ್ಥನೆ. ಮಾಟಗಾತಿಗೆ ಕಣ್ಣೀರು ಬಾರದು ಎಂಬುದು ಆ ಕಾಲದ ಒಂದು ಪರೀಕ್ಷೆ. ಬದುಕಿನಲ್ಲಿ ಅತ್ತೂ ಅತ್ತೂ ನನ್ನಲ್ಲಿ ಕಣ್ಣೀರು ಉಳಿದಿಲ್ಲ ಎಂದು ಆಕೆ ಉತ್ತರಿಸಿದಳಂತೆ.

ಇಷ್ಟಕ್ಕೂ ಕೆಪ್ಲರ್ ಇಷ್ಟು ಆತುರಪಟ್ಟದ್ದೇಕೆ? ಸಾಮ್ರಾಜ್ಯದ 1532ರ ದಂಡಸಂಹಿತೆಯ ಪ್ರಕಾರ ಸಾಕಷ್ಟು ಸುಳಿವುಗಳಿದ್ದರೆ ಮಾತ್ರ ಚಿತ್ರಹಿಂಸೆ ಕೊಡಬಹುದಿತ್ತು. ಒಮ್ಮೆ ಚಿತ್ರಹಿಂಸೆ ಆರಂಭವಾದರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತಿತ್ತು. ನೋವಿಗೆ ಒಪ್ಪಿಗೆ ಹೊರಡುತ್ತಿತ್ತು. ಜೊತೆಗಾರರು ಯಾರು ಎಂದು ಕೇಳಿದರೆ ಹೆಸರುಗಳು ಹೊರಡುತ್ತಿದ್ದವು. ಆ ಹೆಸರಿನವರನ್ನು ಹಿಡಿದರೆ ಇನ್ನಷ್ಟು ಹೆಸರು. 1620ರ ದಶಕದ ಕೊನೆಯಲ್ಲಿ ಬಾಂಬೆರ್ಗ್, ವ್ಯುರ್ಟ್ಸ್‌ಬುರ್ಗ್‌ಗಳಲ್ಲಿ ಈ ಸರಪಳಿ ನೂರಾರು ಜನರನ್ನು, ಪಟ್ಟಣದ ಮುಖಂಡರನ್ನೂ ಸುಟ್ಟಿತು. ಅಂಥ ಕೈದಿಗಳನ್ನು ಹತ್ತಿರದಿಂದ ಕಂಡಿದ್ದ ಫ್ರೆಡ್ರಿಕ್ ಸ್ಪೇ ಎಂಬ ಜೆಸುಯಿಟ್ ಪಾದ್ರಿ 1631ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ಅಚ್ಚು ಹಾಕಿಸಿ, ಮಾಟಗಾತಿಯರನ್ನು ಸೃಷ್ಟಿಸುತ್ತಿರುವುದೇ ಚಿತ್ರಹಿಂಸೆ ಎಂದು ವಾದಿಸಿದ.

ಇದು ದೂರದೇಶದ ಹಳೆಯ ಕಥೆ ಎನ್ನಲು ನನಗೆ ಧೈರ್ಯವಿಲ್ಲ. ಜಾರ್ಖಂಡ್, ಬಿಹಾರ, ಅಸ್ಸಾಮ್‌ಗಳಲ್ಲಿ ‘ಡಾಯನ್’ ಎಂದು ಹೆಸರಿಟ್ಟು ಹೆಂಗಸರನ್ನು ಕೊಂದ ಪ್ರಕರಣಗಳು ನಮ್ಮ ಕಾಲದವು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಇದನ್ನು ತಡೆಯಲೆಂದೇ ಕಾಯಿದೆ ಮಾಡಿದವು. ಬಾನಾಮತಿಯ ಭಯವನ್ನು ಕಂಡಿರುವ ನಮ್ಮ ರಾಜ್ಯವೂ ವಾಮಾಚಾರದ ವಿರುದ್ಧ 2017ರಲ್ಲಿ ಶಾಸನ ತಂದಿತು. ಅಲ್ಲಿನ ಕಥೆಗಳಲ್ಲೂ ಮೊದಲು ಒಂದು ಮಗು ಸಾಯುತ್ತದೆ, ಇಲ್ಲವೇ ದನ ಸಾಯುತ್ತದೆ. ಆಮೇಲೆ ಒಂಟಿ ವಿಧವೆಯ ಹೆಸರು ನೆನಪಾಗುತ್ತದೆ. ಎಷ್ಟೋ ಸಲ ಆಕೆಯ ಹೆಸರಿನಲ್ಲಿ ತುಂಡು ಜಮೀನೂ ಇರುತ್ತದೆ. 128 ಪುಟ ಬರೆಯುವ ಮಗ ಮಾತ್ರ ಇರುವುದಿಲ್ಲ. ಐನ್‌ಹಾರ್ನನ ಅಧಿಕಾರದಲ್ಲಿ ಲೆಯೊನ್‌ಬೆರ್ಗ್‌ನ ಇತರ ಹಲವು ಹೆಂಗಸರಿಗೂ ಅಂಥ ಮಗ ಇರಲಿಲ್ಲ, ಅವರು ಉಳಿಯಲಿಲ್ಲ.

ಕಡತ ಕೊನೆಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರ ಮುಂದೆ ಹೋಯಿತು. ಅವರು ಚಿತ್ರಹಿಂಸೆಗೆ ಒಪ್ಪಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಿ, ಒಪ್ಪದಿದ್ದರೆ ಬಿಡಿ ಎಂದರು. 1621ರ ಸೆಪ್ಟೆಂಬರ್ 28ರಂದು ಕೊಲೆಗಡುಕ ಒಂದೊಂದೇ ಉಪಕರಣವನ್ನು ಎತ್ತಿ ತೋರಿಸಿದ. ನನ್ನ ಮೈಯ ನರ ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳಲು ನನ್ನ ಬಳಿ ಏನೂ ಇಲ್ಲ ಎಂದು ಹೇಳಿ, ಮುದುಕಿ ಮಂಡಿಯೂರಿ ಪ್ರಾರ್ಥನೆ ಮಾಡಿದಳು. ಕೆಲವು ದಿನಗಳಲ್ಲಿ ಬಿಡುಗಡೆಯಾಯಿತು. ಲೆಯೊನ್‌ಬೆರ್ಗ್‌ನ ಜನ ಮಾತ್ರ, ಊರಿಗೆ ಕಾಲಿಟ್ಟರೆ ನೋಡಿಕೊಳ್ಳುತ್ತೇವೆ ಎಂದು ಗುಡುಗಿದರು.

ಆರು ತಿಂಗಳಲ್ಲಿ, 1622ರ ಏಪ್ರಿಲ್ 13ರಂದು, ಆಕೆ ತೀರಿಕೊಂಡಳು. ಕೆಪ್ಲರ್ ಲಿಂಜ್‌ಗೆ ಮರಳಿ, ಹಿಂದೆ ಬರೆದಿಟ್ಟಿದ್ದ ‘ಸೋಮ್ನಿಯುಮ್’ ಎಂಬ ಕನಸಿನ ಕಥೆಗೆ ಟಿಪ್ಪಣಿಗಳನ್ನು ಸೇರಿಸುತ್ತ ಹೋದ. ಅದು ಚಂದ್ರಲೋಕದ ಪ್ರವಾಸದ ಕಥೆ. ಅದರಲ್ಲಿ ಮೂಲಿಕೆ ಮಾರುವ, ದೆವ್ವಗಳೊಡನೆ ಮಾತಾಡಬಲ್ಲ ಒಬ್ಬ ತಾಯಿ ಬರುತ್ತಾಳೆ. ಹಸ್ತಪ್ರತಿಯ ಸುದ್ದಿ ಯಾರದೋ ಬಾಯಿಯಿಂದ ಊರಿಗೆ ಮುಟ್ಟಿ ಬೆಂಕಿ ಹೊತ್ತಿತೇ ಎಂಬ ಸಂಶಯ ಅವನನ್ನು ಬಿಡಲಿಲ್ಲ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಪುಸ್ತಕ ಅಚ್ಚಾಗಿ ಹೊರಬಂದದ್ದು 1634ರಲ್ಲಿ, ಅವನು ಸತ್ತು ನಾಲ್ಕು ವರ್ಷವಾದ ಮೇಲೆ.