ಖಾಲಿ ಮಾಡಿ ಎನ್ನುವ ಮುನ್ನ: ಭೋಗ್ಯದ ಮನೆ, ರಾಜಿ ಮತ್ತು ನ್ಯಾಯಾಲಯದ ಬಾಗಿಲು



ಈ ಉಪನ್ಯಾಸದ ದತ್ತಿ ಯಾರ ಹೆಸರಿನಲ್ಲಿದೆಯೋ ಅವರ ಹೆಸರು ಈ ಪುಸ್ತಿಕೆಯ ರಕ್ಷಾಪುಟದಲ್ಲಿದೆ. ಮದಲೂರಿನವರು ಅವರನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಮೇಷ್ಟ್ರು ಎಂದರೆ ಸಾಕಿತ್ತು. ನಾನೂ ಹಾಗೇ ಕರೆಯುತ್ತೇನೆ. ಕರಾರು ಪತ್ರ ಬರೆಸಿಕೊಂಡವರು ಸಹಿ ಹಾಕುವ ಮೊದಲು ಅವರ ಜಗಲಿಗೆ ಬಂದು ಓದಿಸಿಕೊಂಡು ಹೋಗುತ್ತಿದ್ದರಂತೆ. ಈ ಹೊತ್ತಿನ ವಿಷಯಕ್ಕೆ ಅವರ ಹೆಸರು ಸೇರಿರುವುದು ಸರಿಯಾಗಿಯೇ ಇದೆ.

ಮನೆ ಖಾಲಿ ಮಾಡಿಸುವ ಕಾನೂನಿನ ಮೂಲಪಾಠಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯವನಿಗೆ 15 ದಿನದ ನೋಟಿಸು ಬೇಕು. ನೋಟಿಸಿನಲ್ಲಿ ದಿನದ ಲೆಕ್ಕ ತಪ್ಪಿದರೂ, ದಾವೆ ಹೂಡುವ ಹೊತ್ತಿಗೆ ಅಷ್ಟು ದಿನ ಕಳೆದಿದ್ದರೆ ಸಾಕೆಂದು 2002ರ ತಿದ್ದುಪಡಿ ಹೇಳಿತು. ಹಾಗಾಗಿ ನೋಟಿಸಿನ ಲೋಪ ಹುಡುಕಿ ದಾವೆ ವಜಾ ಮಾಡಿಸುವ ಹಳೆಯ ಚಾಕಚಕ್ಯತೆಗೆ ಈಗ ಬೆಲೆಯಿಲ್ಲ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ ಬಾಕಿ ಬಾಡಿಗೆ ಕಟ್ಟಲು ಬಾಡಿಗೆದಾರನಿಗೆ ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಆದರೆ ಆ ಕಾಯ್ದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಬಾಡಿಗೆಯವರೆಗೆ ಮಾತ್ರ. ಶಿರಾದಲ್ಲಿ ಇವತ್ತು 2,000ಕ್ಕೆ ಯಾವ ಮನೆ ಸಿಗುತ್ತದೆಂದು ನಿಮಗೇ ಗೊತ್ತು.

ನ್ಯಾಯಾಲಯಕ್ಕೆ ಹೋಗುವ ಮುನ್ನ ರಾಜಿಗೆ ಕೂರಬೇಕೇ ಎಂಬುದು ಇವತ್ತಿನ ಪ್ರಶ್ನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೆ ಅದು ದಾವೆ ಹೂಡಿದ ಮೇಲಿನ ಮಾತು. ಮಾಲೀಕ ಮತ್ತು ಬಾಡಿಗೆದಾರರ ವ್ಯಾಜ್ಯ ಮಧ್ಯಸ್ಥಿಕೆಗೆ ಯೋಗ್ಯವೆಂದು ಸರ್ವೋಚ್ಚ ನ್ಯಾಯಾಲಯ 2010ರ ಆಫ್‌ಕಾನ್ಸ್ ತೀರ್ಪಿನಲ್ಲಿ ಹೇಳಿತು. ದಾವೆಗೆ ಮೊದಲೇ ಕಡ್ಡಾಯ ಎನ್ನುವುದು ಇರುವುದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಲ್ಲಿ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಪರಿಹಾರ ಕೇಳದಿದ್ದರೆ, ಮಧ್ಯಸ್ಥಿಕೆ ಮುಗಿಸದೆ ತಂದ ದಾವೆಯನ್ನು ತಿರಸ್ಕರಿಸಬೇಕೆಂದು 2022ರ ಪಾಟೀಲ್ ಆಟೊಮೇಷನ್ ತೀರ್ಪು ಹೇಳಿತು. ಬರೀ ವ್ಯಾಪಾರಕ್ಕೇ ಬಳಸುವ ಮಳಿಗೆಯ ವ್ಯಾಜ್ಯ ಇದರೊಳಗೆ ಬರಬಹುದು, ವಾಸದ ಮನೆ ಬರುವುದಿಲ್ಲ.

12ಎ ಕಲಮನ್ನು ವಾಸದ ಮನೆಗಳಿಗೂ ಚಾಚಬೇಕೆನ್ನುವ ಒಂದು ಪಂಥ ವಕೀಲರಲ್ಲಿದೆ. ಬಾಡಿಗೆದಾರನ ಕೈಗೆ ಇನ್ನೊಂದು ವಾಯಿದೆ ಕೊಡುವ ಕೆಲಸ ಅದು ಎನ್ನುವ ಪಂಥವೂ ಇದೆ. ಇಬ್ಬರ ವಾದವೂ ನಗರದ ಬಾಡಿಗೆ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದ್ದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಮ್ಮ ಈ ನಾಲ್ಕು ತಾಲ್ಲೂಕುಗಳ ಪಟ್ಟಣಗಳಲ್ಲಿ ಜಗಳ ಹುಟ್ಟುವುದು ಬಹುಮಟ್ಟಿಗೆ ಭೋಗ್ಯದ ಮನೆಯಲ್ಲಿ. ಅಲ್ಲಿ ಈ ಎರಡು ವಾದಗಳೂ ಕಾಲೂರುವುದಿಲ್ಲ.

ಭೋಗ್ಯ ನಿಮಗೆಲ್ಲ ಗೊತ್ತಿರುವುದೇ. ಮನೆಗೆ ಬಾಡಿಗೆ ಇಲ್ಲ, ದುಡ್ಡಿಗೆ ಬಡ್ಡಿ ಇಲ್ಲ. ನಾಲ್ಕೋ ಐದೋ ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಸೇರುತ್ತಾರೆ. ಅವಧಿ ಮುಗಿದಾಗ ಮಾಲೀಕ ಅಸಲು ವಾಪಸ್ ಕೊಡಬೇಕು, ಇದ್ದವರು ಬೀಗದ ಕೈ ಕೊಡಬೇಕು. ಕೇಳಲು ಇಷ್ಟು ಸರಳವಾದ ವ್ಯವಹಾರ ಇನ್ನೊಂದಿಲ್ಲ. ಆದರೆ ಆ ಅಸಲು ಅಷ್ಟರಲ್ಲಿ ಮಗಳ ಮದುವೆಗೆ ಹೋಗಿರುತ್ತದೆ, ಇಲ್ಲವೇ ಸಾವಿರ ಅಡಿ ಕೊರೆಸಿದರೂ ನೀರು ಬಾರದ ಬೋರ್‌ವೆಲ್ಲಿಗೆ. ಇನ್ನೊಬ್ಬ ಭೋಗ್ಯದವರು ಸಿಕ್ಕಿ ಅವರ ದುಡ್ಡು ಬಂದರೆ ಇವರಿಗೆ ಕೊಡುವ ಲೆಕ್ಕ ಮಾಲೀಕನದು. ಇದ್ದವರು ಒಳಗಿರುವಾಗ ಹೊಸಬರು ಮುಂಗಡ ಕೊಡುವುದಿಲ್ಲ, ದುಡ್ಡು ಬರದೆ ಇದ್ದವರು ಹೊರಗೆ ಹೋಗುವುದಿಲ್ಲ. ನನ್ನ ಮುಂದೆ ಬಂದ ಇಂಥ ಪ್ರಕರಣಗಳಲ್ಲಿ ಎರಡೂ ಕಡೆಯವರು ಮೊದಲ ದಿನವೇ ಒಪ್ಪಿಕೊಂಡಿರುವ ವಿಷಯ ಒಂದೇ: ಮನೆ ಬಿಡಬೇಕು. ಬಿಡುವ ದಿನ ಹಣ ಎಲ್ಲಿಂದ ಬರುತ್ತದೆ ಎಂಬುದಷ್ಟೇ ಜಗಳ. ಇದನ್ನು ಒಕ್ಕಲೆಬ್ಬಿಸುವ ದಾವೆ ಎನ್ನುವುದೇ ತಪ್ಪು. ಇದು ಸಾಲ ವಸೂಲಿಯ ವ್ಯಾಜ್ಯ.

ಇಂಥ ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ಮೊದಲು ಬಲಿಯಾಗುವುದು ಕರಾರು ಪತ್ರ. ಬಹುಪಾಲು ಕರಾರುಗಳು ಸಣ್ಣ ಬೆಲೆಯ ಛಾಪಾ ಕಾಗದದ ಮೇಲೆ, ನೋಟರಿ ಮೊಹರಿನ ಜೊತೆ, ನೋಂದಣಿಯಿಲ್ಲದೆ ಇರುತ್ತವೆ. ಹೆಸರು ಭೋಗ್ಯ, ಒಕ್ಕಣೆ ಗುತ್ತಿಗೆಯದು. ಭೋಗ್ಯದ ಅಡಮಾನವೆಂದರೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಯಾವ ಮೊತ್ತಕ್ಕೂ ಸ್ವತ್ತು ವರ್ಗಾವಣೆ ಕಾಯ್ದೆಯ 59ನೇ ಕಲಮಿನಂತೆ ನೋಂದಣಿ ಬೇಕು. ಗುತ್ತಿಗೆಯೆಂದರೆ ಒಂದು ವರ್ಷ ಮೀರಿದರೆ 107ನೇ ಕಲಮಿನಂತೆ ಬೇಕು. ನೋಂದಣಿಯ ಕೊರತೆಯನ್ನು ಹೇಗೋ ದಾಟಿದರೂ ಮುದ್ರಾಂಕದ ಕೊರತೆ ದಾಟಲಾಗದು. ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಂತೆ ಕೊರತೆ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಮಾತ್ರ ಆ ಪತ್ರ ಸಾಕ್ಷ್ಯವಾಗುತ್ತದೆ. ದಂಡ ಇಳಿಸುವ ಅಧಿಕಾರ ಸಿವಿಲ್ ನ್ಯಾಯಾಲಯಕ್ಕಿಲ್ಲ, ಡೆಪ್ಯುಟಿ ಕಮಿಷನರಿಗೆ ಮಾತ್ರ ಇದೆ ಎಂದು ನಮ್ಮ ರಾಜ್ಯದ ಗಂಗಪ್ಪ ಮತ್ತು ಫಕ್ಕೀರಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಕೈಯಲ್ಲಿದ್ದದ್ದನ್ನೆಲ್ಲ ಮಾಲೀಕನಿಗೆ ಕೊಟ್ಟು ಮನೆ ಸೇರಿದ ಸಂಸಾರ ಈ ದಂಡ ಎಲ್ಲಿಂದ ತರಬೇಕು? ಪತ್ರ ಹಾಜರುಪಡಿಸಲು ಅವರಿಗೆ ಹೆದರಿಕೆ. ಅದನ್ನು ಬಲ್ಲ ಮಾಲೀಕ ‘ಹೋಗಿ, ಕೋರ್ಟಿಗೇ ಹೋಗಿ’ ಎನ್ನುತ್ತಾನೆ. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಕೊಟ್ಟ ಜಮೀನಿಗೆ 28 ವರ್ಷದ ಗುತ್ತಿಗೆ ಪತ್ರವಿದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂಬ ದರದಿಂದ ಶುರುವಾದದ್ದು. ಭೂಮಿಗೆ ಅಷ್ಟು ಗಟ್ಟಿ ಕಾಗದ ಮಾಡಿಕೊಂಡ ಸೀಮೆಯಲ್ಲೇ ಸಂಸಾರ ಮಲಗುವ ಮನೆಗೆ ಬೀದಿಬದಿಯ ಬೆರಳಚ್ಚಿನ ಕರಾರು ಸಾಕೆನ್ನುತ್ತೇವೆ.

ಮೇಷ್ಟ್ರು ಇಂಥ ಕಾಗದ ಓದಿದ ಮೇಲೆ ಕೇಳುತ್ತಿದ್ದ ಪ್ರಶ್ನೆಯನ್ನು ಅವರ ಶಿಷ್ಯರೊಬ್ಬರು ನನಗೆ ಹೇಳಿದ್ದಾರೆ. ‘ದುಡ್ಡು ವಾಪಸ್ ಕೊಡೋ ದಿನ ಎಲ್ಲಿ ಬರ್ದಿದೀಯಪ್ಪ?’ ಈ ಪ್ರಶ್ನೆಯನ್ನೇ ನಾನು ಈಗ ಕಾನೂನಿನ ಮಾತಾಗಿ ಮಂಡಿಸುತ್ತೇನೆ.

ಭೋಗ್ಯದ ಮನೆಯಲ್ಲಿ ದಾವೆಗೆ ಮುಂಚಿನ ಕಡ್ಡಾಯ ಇಬ್ಬರ ಮೇಲೂ ಸಮನಾಗಿ ಇರಬಾರದು. ಅದು ಮಾಲೀಕನ ಮೇಲಿರಬೇಕು. ಖಾಲಿ ಮಾಡಿ ಎಂದು ನೋಟಿಸು ಕೊಡುವ ಮುನ್ನ ಅಸಲನ್ನು ಯಾವ ದಿನ, ಯಾವ ಮೂಲದಿಂದ ಕೊಡುತ್ತೇನೆಂದು ಅವನು ಬರೆದು ತಿಳಿಸಬೇಕು. ಇದು ನಾನು ಕಟ್ಟಿದ ಕನಸಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 83ನೇ ಕಲಮಿನಲ್ಲಿ ಇದರ ಬೀಜ ಇದೆ. ಅಡಮಾನ ಮಾಡಿದವನು ಬಾಕಿ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು, ನ್ಯಾಯಾಲಯ ಇನ್ನೊಬ್ಬನಿಗೆ ನೋಟಿಸು ಕಳಿಸುತ್ತದೆ, ಅವನು ಹಣ ತೆಗೆದುಕೊಂಡು ಸ್ವತ್ತು ಬಿಡಬೇಕು. 1882ರಿಂದ ಪುಸ್ತಕದಲ್ಲಿರುವ ಈ ಹಾದಿಯನ್ನು ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಬಳಸಿದವರನ್ನು ನಾನು ನೋಡಿಲ್ಲ. ನೋಂದಾಯಿತ ಭೋಗ್ಯಕ್ಕೆ ಅದು ನೇರವಾಗಿ ಒಪ್ಪುತ್ತದೆ. ನೋಂದಣಿಯಾಗದ ಕರಾರಿಗೆ ಇದೇ ಪದ್ಧತಿಯನ್ನು ಮಧ್ಯಸ್ಥಿಕೆಯ ಷರತ್ತಾಗಿ ತರಬೇಕೆಂದು ನನ್ನ ವಾದ. ಹೊರದೇಶದ ಮಾದರಿ ಬೇಕೆನ್ನುವವರು ಸ್ಕಾಟ್ಲೆಂಡ್ ನೋಡಲಿ. ಅಲ್ಲಿ 2012ರಿಂದ ಸಾರ್ವಜನಿಕ ವಸತಿಯ ಮಾಲೀಕರು ಬಾಕಿ ಬಾಡಿಗೆಗಾಗಿ ಒಕ್ಕಲೆಬ್ಬಿಸಲು ಹೋಗುವ ಮೊದಲು ಬಾಕಿಯ ಲೆಕ್ಕ ತಿಳಿಸಿ, ಕಂತಿನ ಒಪ್ಪಂದಕ್ಕೆ ಯತ್ನಿಸಿದ್ದೇವೆಂದು ತೋರಿಸಬೇಕು. ಆ ಭಾರವೆಲ್ಲ ಮಾಲೀಕನದು.

12ಎ ಪಂಥದವರಿಗೆ ನನ್ನ ಉತ್ತರವೂ ಇಲ್ಲೇ ಇದೆ. ಅವರು ಕೇಳುವುದು ಇಬ್ಬರೂ ಬಂದು ಕೂರುವ ಕಡ್ಡಾಯ. ಎದುರುಪಕ್ಷ ಬಾರದಿದ್ದರೆ ಮಧ್ಯಸ್ಥಿಕೆ ಆರಂಭವೇ ಆಗಲಿಲ್ಲವೆಂಬ ಒಂದು ವರದಿ ಬರುತ್ತದೆ, ಅದನ್ನು ಹಿಡಿದು ದಾವೆ ಹೂಡುತ್ತಾರೆ. ಕಡ್ಡಾಯ ಒಂದು ಅರ್ಜಿ ನಮೂನೆಯಾಗಿ ಮುಗಿಯುತ್ತದೆ. ಸಂಸತ್ತೇ ಈ ಹಾದಿಯಿಂದ ಹಿಂದೆ ಸರಿದಿದೆ. 2021ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ಬಂದ ಮಧ್ಯಸ್ಥಿಕೆ ಮಸೂದೆಯಲ್ಲಿ ದಾವೆಗೆ ಮುಂಚಿನ ಮಧ್ಯಸ್ಥಿಕೆ ಕಡ್ಡಾಯವಿತ್ತು. ಸ್ಥಾಯಿ ಸಮಿತಿ ಆಕ್ಷೇಪಿಸಿತು. 2023ರ ಕಾಯ್ದೆಯ 5ನೇ ಕಲಂ ಅದನ್ನು ಪಕ್ಷಗಾರರ ಇಚ್ಛೆಗೆ ಬಿಟ್ಟಿತು. ವಾಯಿದೆಯ ಭಯ ಹೇಳುವ ಇನ್ನೊಂದು ಪಂಥಕ್ಕೂ ಒಂದು ಮಾತು: ನಾನು ಹೇಳುವ ವ್ಯವಸ್ಥೆಯಲ್ಲಿ ಹಣ ಸಿದ್ಧವಿರುವ ಮಾಲೀಕ ಒಂದು ದಿನವನ್ನೂ ಕಳೆದುಕೊಳ್ಳುವುದಿಲ್ಲ.

ನನ್ನ ವಾದಕ್ಕೆ ಬಂದಿರುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದು. ಮಧ್ಯಸ್ಥಿಕೆಯಲ್ಲಿ ಸಾಕ್ಷ್ಯ ದಾಖಲಿಸುವುದಿಲ್ಲ, ಹತ್ತು ಪಟ್ಟು ದಂಡದ ಪ್ರಶ್ನೆ ಏಳುವುದಿಲ್ಲ, ಹಾಗಾದರೆ ಇದು ಮುದ್ರಾಂಕ ತಪ್ಪಿಸಿಕೊಳ್ಳುವ ಹಿಂಬಾಗಿಲಲ್ಲವೇ ಎನ್ನುತ್ತಾರೆ. ಬೊಕ್ಕಸಕ್ಕೆ ನಷ್ಟ, ಒಪ್ಪುತ್ತೇನೆ. ಆದರೆ ಹತ್ತು ಪಟ್ಟು ದಂಡ ಇಟ್ಟುಕೊಂಡು ಇಷ್ಟು ವರ್ಷ ಜನ ಸರಿಯಾದ ಛಾಪಾ ಕಾಗದ ಕೊಳ್ಳಲಿಲ್ಲ, ಕೋರ್ಟಿನಿಂದ ದೂರ ಉಳಿದರು ಅಷ್ಟೆ. ಬೊಕ್ಕಸಕ್ಕೆ ಬೇಕಾದರೆ ಸಣ್ಣ ಮೊತ್ತದ ಭೋಗ್ಯಕ್ಕೆ ಅಗ್ಗದ ಶುಲ್ಕವಿಟ್ಟು ನೋಂದಣಿ ಸುಲಭ ಮಾಡಲಿ. ವಂಚಿತ ಸಂಸಾರದ ಪರಿಹಾರವನ್ನು ಒತ್ತೆಯಿಟ್ಟುಕೊಂಡು ಶುಲ್ಕ ವಸೂಲಿ ಮಾಡುವುದು ಸರಿಯಲ್ಲ.

ಇನ್ನು ಮೂರನೆಯ ಪಂಥ. ಇದರ ಬಗ್ಗೆ ನಾನು ಮೃದುವಾಗಿ ಮಾತಾಡಲಾರೆ. ಅರಳಿಕಟ್ಟೆಯ ಪಂಚಾಯ್ತಿಯೇ ನಮ್ಮ ಮಧ್ಯಸ್ಥಿಕೆ, ಹೊಸದು ಯಾಕೆ ಎನ್ನುವವರು. ಊರ ಯಜಮಾನರು ಎಷ್ಟೋ ಸಂಸಾರ ಉಳಿಸಿದ್ದಾರೆ, ಸುಳ್ಳಲ್ಲ. ಆದರೆ ಮನೆಯ ವ್ಯಾಜ್ಯದಲ್ಲಿ ಮಧ್ಯಸ್ಥರು ಎಷ್ಟೋ ಸಲ ಮಾಲೀಕನ ನೆಂಟರು, ಇಲ್ಲವೇ ಅವನಿಗೆ ಸಾಲ ಕೊಟ್ಟವರು. ಬೇರೆ ಜಾತಿಯ ಬಾಡಿಗೆ ಸಂಸಾರ ಕಟ್ಟೆಯ ಕೆಳಗೆ ನಿಂತು ಮಾತಾಡಬೇಕು. ‘ಈಗ ಅರ್ಧ ತಗೊಳಿ, ಮಿಕ್ಕಿದ್ದು ಸುಗ್ಗಿಗೆ’ ಎಂಬ ತೀರ್ಮಾನಕ್ಕೆ ಅಮಲ್ಜಾರಿ ಇಲ್ಲ. ಸುಗ್ಗಿ ಬರುತ್ತದೆ, ಹಣ ಬರುವುದಿಲ್ಲ. ಪೊಲೀಸ್ ಠಾಣೆಯ ಪಂಚಾಯ್ತಿ ಇನ್ನೂ ಕೆಟ್ಟದ್ದು. ಸಿವಿಲ್ ವ್ಯಾಜ್ಯದಲ್ಲಿ ಅಧಿಕಾರವೇ ಇಲ್ಲದವರ ಮುಂದೆ ಹೆದರಿ ಹಾಕಿದ ಸಹಿ ಅದು.

ನನ್ನ ಆಯ್ಕೆ ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 20(2)ನೇ ಕಲಮಿನಂತೆ, ದಾವೆ ಹೂಡದೆಯೂ, ಒಬ್ಬನೇ ಪಕ್ಷಗಾರ ಅರ್ಜಿ ಕೊಟ್ಟರೂ, ಇನ್ನೊಬ್ಬನಿಗೆ ಹೇಳಿಕೊಳ್ಳುವ ಅವಕಾಶ ಕೊಟ್ಟು ವಿಷಯವನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ಅಲ್ಲಿ ಆದ ತೀರ್ಮಾನ 21ನೇ ಕಲಮಿನಂತೆ ಡಿಕ್ರಿಗೆ ಸಮ, ಅಂತಿಮ, ಮೇಲ್ಮನವಿ ಇಲ್ಲ. ಕೋರ್ಟು ಶುಲ್ಕವೂ ಇಲ್ಲ. ಮಾಲೀಕ ಹಣ ಕೊಡದಿದ್ದರೆ ನೇರ ಅಮಲ್ಜಾರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಅರಳಿಕಟ್ಟೆಯ ರಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಡಿಕ್ರಿಯಲ್ಲೇ ಇದೆ. 2008ರ ಗ್ರಾಮ ನ್ಯಾಯಾಲಯ ಕಾಯ್ದೆ ಹಳ್ಳಿಯ ಮನೆ ಮತ್ತು ತೋಟದ ಮನೆಯ ಸ್ವಾಧೀನದ ವ್ಯಾಜ್ಯವನ್ನು ತನ್ನ ಅನುಸೂಚಿಯಲ್ಲೇ ಹೆಸರಿಸಿ, ಮೊದಲು ರಾಜಿಗೆ ಯತ್ನಿಸಬೇಕೆಂದು ನ್ಯಾಯಾಧಿಕಾರಿಗೆ ವಿಧಿಸಿದೆ. ಕರ್ನಾಟಕದಲ್ಲಿ ಅಂಥ ನ್ಯಾಯಾಲಯಗಳು ಬಹುಕಾಲ ಬೆರಳೆಣಿಕೆಯಷ್ಟೇ ಇದ್ದದ್ದು ನಮ್ಮ ದುರದೃಷ್ಟ.

ರಾಜಿಯನ್ನು ಇಷ್ಟು ಹೊಗಳಿದವನು ಅದು ಸಲ್ಲದ ಜಾಗವನ್ನೂ ಹೇಳಲೇಬೇಕು. ಗೊಲ್ಲರಹಟ್ಟಿ, ತಾಂಡಾ, ಹೊಲದಂಚಿನ ಕೂಲಿಯವರ ಗುಡಿಸಲು. ಇಲ್ಲಿ ಬಾಡಿಗೆಯೂ ಇಲ್ಲ, ಭೋಗ್ಯವೂ ಇಲ್ಲ, ಜಮೀನಿನವನು ‘ನನ್ನ ಹೊಲ, ಬಿಡಿ’ ಎನ್ನುತ್ತಾನೆ. ಭೂಸುಧಾರಣಾ ಕಾಯ್ದೆಯ 38ನೇ ಕಲಂ ಕೃಷಿ ಕಾರ್ಮಿಕನ ವಾಸದ ಮನೆಗೆ ಹಕ್ಕು ಕೊಟ್ಟಿತು. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ‘ವಾಸಿಸುವವನೇ ಮನೆಯೊಡೆಯ’ ಎಂದು ತಂದ ತಿದ್ದುಪಡಿ ಆ ಹಕ್ಕನ್ನು ದಾಖಲೆಯಿಲ್ಲದ ಜನವಸತಿಗಳಿಗೂ ಹಿಗ್ಗಿಸಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಹಂಚಿದ್ದು ಇದೇ ದಾರಿಯಲ್ಲಿ. ಕಾನೂನು ಈಗಾಗಲೇ ಕೊಟ್ಟಿರುವುದನ್ನು ರಾಜಿಯ ಮೇಜಿನ ಮೇಲಿಟ್ಟರೆ ಬಡವನ ಪಾಲಿಗೆ ಕಳೆಯುವ ಲೆಕ್ಕ ಮಾತ್ರ ಉಳಿಯುತ್ತದೆ. ಹತ್ತಿಪ್ಪತ್ತು ಸಾವಿರಕ್ಕೆ ಗುಡಿಸಲು ಬಿಟ್ಟುಕೊಟ್ಟ ರಾಜಿಪತ್ರಗಳನ್ನು ನಾನು ಓದಿದ್ದೇನೆ. ಬರೆದವರಿಗೆ ಕಾನೂನು ಗೊತ್ತಿತ್ತು, ಹೆಬ್ಬೆಟ್ಟು ಒತ್ತಿದವರಿಗೆ ಗೊತ್ತಿರಲಿಲ್ಲ. ಅವರನ್ನು ಕಳಿಸಬೇಕಾದದ್ದು ತಹಸೀಲ್ದಾರರ ಕಚೇರಿಗೆ, ಅದಾಲತ್‌ಗೆ ಅಲ್ಲ.

ವಕೀಲ ಮಿತ್ರರಲ್ಲಿ ಒಂದು ಕೋರಿಕೆ. ಭೋಗ್ಯದ ಮನೆಯ ಮಾಲೀಕ ನಿಮ್ಮ ಬಳಿ ಬಂದು ‘ಖಾಲಿ ಮಾಡಿಸಿಕೊಡಿ ಸ್ವಾಮಿ’ ಎಂದಾಗ, ಅಸಲು ಎಲ್ಲಿದೆ ಎಂದು ಕೇಳಿ. ಉತ್ತರ ಇದ್ದರೆ ಅದನ್ನೇ ದಿನಾಂಕ ಸಮೇತ ನೋಟಿಸಿನಲ್ಲಿ ಬರೆಯಿರಿ. ಇಲ್ಲದಿದ್ದರೆ ನೋಟಿಸು ಕಳಿಸಬೇಡಿ, ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯ ಅರ್ಜಿ ಬರೆದುಕೊಡಿ. ಅದಕ್ಕೆ ಶುಲ್ಕವಿಲ್ಲ.