ಟ್ರೆಕ್ಕಿಂಗ್ ಕಾಲಿಗೆ ಕ್ರೂಸ್ ಒಗ್ಗತ್ತಾ? ಅಲಾಸ್ಕಾದ 158 ಗಂಟೆಗಳ ಲೆಕ್ಕ



ಈ ವಾರದ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಸಿಯಾಟಲ್ ಹತ್ತಿರ ಕೆಲಸ ಮಾಡೋ ನಮ್ಮ ಕೇಳುಗರೊಬ್ಬರು ಕಳಿಸಿದ್ದು. ಅವರ ಅತ್ತೆ-ಮಾವ ಜೂನ್‌ನಲ್ಲಿ ಹಾಸನದಿಂದ ಬರ್ತಿದ್ದಾರೆ. ಮನೆಯವರೆಲ್ಲ ಅಲಾಸ್ಕಾ ಕ್ರೂಸ್ ಅಂತ ಕುಣೀತಿದ್ದಾರೆ. ಇವರಿಗೆ ಮಾತ್ರ ಹೆದರಿಕೆ. "ನಾನು ವಾರಕ್ಕೆ ಮೂವತ್ತು ಕಿಲೋಮೀಟರ್ ಓಡೋಳು. ಏಳು ದಿನ ಬಫೆ ಮುಂದೆ ಕೂತ್ರೆ ಹುಚ್ಚು ಹಿಡಿಯತ್ತೆ. ಹೋಗ್ಲಾ ಬೇಡ್ವಾ?" ಅಂತ ಕೇಳಿದ್ದಾರೆ.

ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಕಳೆದ ಜೂನ್‌ನಲ್ಲಿ ಇದೇ ಮುಖ ಮಾಡ್ಕೊಂಡು ನಾನೂ ಹಡಗು ಹತ್ತಿದ್ದೆ. ಅಕ್ಕ ಸಿಯಾಟಲ್‌ನಲ್ಲಿದ್ದಾಳೆ. ಅಪ್ಪ-ಅಮ್ಮನ ಜೊತೆ ನಾನೂ ಹೋಗಿದ್ದೆ. ನಾವು ತುಮಕೂರಿನವರು. ನನಗೆ ಬೆಟ್ಟ ಹತ್ತೋ ಚಟ ಹಿಡಿಸಿದ್ದೇ ಅಪ್ಪ. ಸಣ್ಣವನಿದ್ದಾಗ ಭಾನುವಾರ ಬಂತು ಅಂದ್ರೆ ದೇವರಾಯನದುರ್ಗ. ಅವರು ಮುಂದೆ, ನಾನು ಹಿಂದೆ. ಈಗ ಅಪ್ಪನ ಮಂಡಿ ಆಪರೇಷನ್ ಆಗಿದೆ, ಕೈಯಲ್ಲಿ ಕೋಲು. ಅದಕ್ಕೇ ಅಕ್ಕ ಕ್ರೂಸ್ ಬುಕ್ ಮಾಡಿದ್ದು. ನಾನು ಫೋನಲ್ಲಿ ಜಗಳ ಆಡಿದ್ದೆ, "ಇದು ತೇಲೋ ಮಾಲ್ ಕಣೆ, ಬೆಟ್ಟಗಳ ಊರಿಗೆ ಹೋಗಿ ಲಿಫ್ಟಲ್ಲಿ ಓಡಾಡೋದಾ?" ಅಂತ.

ನಾನು ಬಿ.ಕಾಂ. ಬುದ್ಧಿ ಎಲ್ಲಿ ಹೋಗತ್ತೆ? ಬ್ರೋಷರ್ ಬದಿಗಿಟ್ಟು ಎಕ್ಸೆಲ್ ತೆಗೆದೆ. ಎಷ್ಟು ದುಡ್ಡು ಅನ್ನೋದಕ್ಕಿಂತ ಮೊದಲು, ಎಷ್ಟು ಗಂಟೆ ನೆಲದ ಮೇಲೆ ಅಂತ ನೋಡ್ದೆ.

ನಮ್ಮ ಹಡಗು ಭಾನುವಾರ ಸಂಜೆ 4ಕ್ಕೆ ಸಿಯಾಟಲ್ ಬಿಟ್ಟು ಮುಂದಿನ ಭಾನುವಾರ ಬೆಳಿಗ್ಗೆ 6ಕ್ಕೆ ವಾಪಸ್. ಒಟ್ಟು 158 ಗಂಟೆ. ಸೋಮವಾರ ಪೂರ್ತಿ ಸಮುದ್ರ. ಮಂಗಳವಾರ ಜೂನೋ, ಮಧ್ಯಾಹ್ನ 1:30ರಿಂದ ರಾತ್ರಿ 10. ಬುಧವಾರ ಸ್ಕಾಗ್ವೇ, ಬೆಳಿಗ್ಗೆ 7ರಿಂದ ಸಂಜೆ 6. ಗುರುವಾರ ಗ್ಲೇಸಿಯರ್ ಬೇ, ಅಲ್ಲಿ ಇಳಿಯೋ ಹಾಗೇ ಇಲ್ಲ. ಶುಕ್ರವಾರ ಕೆಚಿಕನ್, ಬೆಳಿಗ್ಗೆ 7ರಿಂದ 1:15. ಶನಿವಾರ ಕೆನಡಾದ ವಿಕ್ಟೋರಿಯಾ, ರಾತ್ರಿ 8ರಿಂದ 12. ಕೂಡಿಸಿದ್ರೆ ಮೂವತ್ತು ಗಂಟೆಗೆ ಕಾಲು ಗಂಟೆ ಕಮ್ಮಿ. ಹಡಗು ಹೊರಡೋ ಅರ್ಧ ಗಂಟೆ ಮೊದಲೇ ಒಳಗಿರಬೇಕು, ಇಳಿಯೋಕೆ ಕ್ಯೂ ಬೇರೆ. ವಿಕ್ಟೋರಿಯಾದ ನಾಲ್ಕು ಗಂಟೆ ಹೆಚ್ಚುಕಮ್ಮಿ ಕತ್ತಲು. ಅಂದ್ರೆ 158ರಲ್ಲಿ ನಡೆಯೋಕೆ ಸಿಗೋದು ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಗಂಟೆ. ಒಂದು ದಿನ! ಏಳು ರಾತ್ರಿಯ ದುಡ್ಡಿಗೆ ಒಂದು ದಿನದ ನೆಲ.

ಹಡಗಿಂದ ಹಡಗಿಗೆ, ಕಂಪನಿಯಿಂದ ಕಂಪನಿಗೆ ಈ ಟೈಮಿಂಗ್ ಬದಲಾಗತ್ತೆ. ಅದಕ್ಕೇ ಹೇಳೋದು, ಬಾಲ್ಕನಿ ರೂಮಾ ಒಳಗಿನ ರೂಮಾ ಅಂತ ತಲೆ ಕೆಡಿಸ್ಕೊಳ್ಳೋ ಮುಂಚೆ ಈ ಟೇಬಲ್ ಹಾಕಿ.

ನಡುವೆ ಒಂದು ಪ್ರಶ್ನೆ. ಆ ವಿಕ್ಟೋರಿಯಾ ಯಾಕೆ, ರಾತ್ರಿ 8ಕ್ಕೆ ಹೋಗಿ ಏನ್ ಮಾಡೋದು? ಅದು ಪ್ರವಾಸಕ್ಕಲ್ಲ, ಕಾನೂನಿಗೆ. ಅಮೆರಿಕದಲ್ಲಿ 1886ರ ಒಂದು ಕಾಯ್ದೆ ಇದೆ. ವಿದೇಶದಲ್ಲಿ ನೋಂದಣಿ ಆದ ಹಡಗು ಅಮೆರಿಕದ ಬಂದರಿಂದ ಜನ ಹತ್ತಿಸ್ಕೊಂಡು, ಅಮೆರಿಕದ ಊರುಗಳಿಗೇ ಸುತ್ತಿಸಿ ವಾಪಸ್ ತರಬೇಕಾದ್ರೆ, ಮಧ್ಯೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ವಿದೇಶಿ ನೋಂದಣಿಯವು. ಇದರ ಪೆಟ್ಟು ನಮಗೆ ಬೀಳತ್ತೆ ನೋಡಿ. ಭಾರತದ ಪಾಸ್‌ಪೋರ್ಟ್ ಇದ್ರೆ ಅಮೆರಿಕದ ವೀಸಾ ಜೊತೆ ಕೆನಡಾದ ವೀಸಾನೂ ಬೇಕು. ನಮಗೆ ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ. ಅಮ್ಮನ ವೀಸಾ ಹೊರಡೋಕೆ ಒಂಬತ್ತು ದಿನ ಇರುವಾಗ ಬಂತು. ಆ ಟೆನ್ಷನ್ ನಿಮಗೆ ಬೇಡ. ಅತ್ತೆ-ಮಾವಂದು ಈಗಲೇ ಹಾಕಿ, ಅಮೆರಿಕಕ್ಕೆ ವಾಪಸ್ ಬರೋಕೆ ಅವರ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಇದೆಯಾ ಅಂತಾನೂ ನೋಡ್ಕೊಳ್ಳಿ.

ಸರಿ, ಹಡಗಿಗೆ ಬರೋಣ. ಸೋಮವಾರ ನನ್ನ ಭಯ ನಿಜ ಆಯ್ತು. ಸಿಯಾಟಲ್‌ನಿಂದ ಹೊರಡೋ ದೊಡ್ಡ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಡೆ, ತೆರೆದ ಸಮುದ್ರದಲ್ಲಿ ಹೋಗ್ತವೆ. ಫೋಟೋದಲ್ಲಿ ನೋಡಿದ ಕಿರಿದಾದ ನೀರಿನ ದಾರಿ, ಎರಡೂ ಕಡೆ ಕಾಡು, ಅದು ಆ ದಿನ ಇಲ್ಲವೇ ಇಲ್ಲ. ಬರೀ ಬೂದು ನೀರು, ತೂಗಾಟ. ಅಮ್ಮ ಮಾತ್ರೆ ತಗೊಂಡು ಮಲಗಿದ್ರು. ನಾನು ಡೆಕ್ ಮೇಲೆ ಸುತ್ತು ಹೊಡೆದೆ, ಹೊಡೆದೆ, ಹೊಡೆದೆ. ಇಪ್ಪತ್ತನೇ ಸುತ್ತಿಗೆ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನನಗೆ ಚಪ್ಪಾಳೆ ತಟ್ಟಿದ್ರು. ಆ ಒಳಗಿನ ದಾರಿ ಬೇಕು ಅನ್ನೋರು ಕೆನಡಾದ ವ್ಯಾಂಕೂವರ್‌ನಿಂದ ಹೊರಡೋ ಹಡಗು ನೋಡಿ. ಅದರಲ್ಲಿ ಒನ್-ವೇ ಕೂಡ ಸಿಗತ್ತೆ. ಸ್ಯೂವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿದು, ಅಲ್ಲಿಂದ ರೈಲೋ ಕಾರೋ ಹಿಡಿದು ಡೆನಾಲಿ ಕಡೆ ಹೋಗಬಹುದು. ಓಡೋ ಕಾಲಿನವರಿಗೆ ನನ್ನ ಪ್ರಕಾರ ಅದೇ ಒಳ್ಳೇ ಪ್ಲಾನ್.

ಮಂಗಳವಾರ ಜೂನೋ. ಅಲಾಸ್ಕಾದ ರಾಜಧಾನಿ, ಆದ್ರೆ ಹೊರಗಿನಿಂದ ಅಲ್ಲಿಗೆ ರಸ್ತೆನೇ ಇಲ್ಲ. ವಿಮಾನ ಇಲ್ಲಾಂದ್ರೆ ಹಡಗು. ಊರಿನ ಜನಸಂಖ್ಯೆ ಸುಮಾರು 32,000. ಒಂದೇ ದಿನ ಐದು ದೊಡ್ಡ ಹಡಗು ನಿಂತ್ರೆ ಏನಾಗಬೇಡ? ಊರವರು ತಲೆ ಚಚ್ಚಿಕೊಂಡು ಕೊನೆಗೆ ಕಂಪನಿಗಳ ಜೊತೆ ಒಪ್ಪಂದ ಮಾಡ್ಕೊಂಡ್ರು. 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು. 2026ರಿಂದ ದಿನಕ್ಕೆ 16,000 ಪ್ರಯಾಣಿಕರು, ಶನಿವಾರ 12,000 ಅಂತ ಮಿತಿ. ಮಿತಿ ಹಾಕಿದ ಮೇಲೂ ಊರಿನ ಅರ್ಧದಷ್ಟು ಜನ ಒಂದು ದಿನಕ್ಕೆ ಬಂದು ಹೋಗ್ತಾರೆ ಅಂತಾಯ್ತು!

ಆದ್ರೆ ಜೂನೋದಲ್ಲಿ ಒಂದು ಅದೃಷ್ಟ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತರ ಹೊತ್ತಿಗೆ. ಮಧ್ಯಾಹ್ನ ಇಳಿದ್ರೂ ಪೂರ್ತಿ ಬೆಳಕು. ಊರಿನ ಬೆನ್ನಿಗೇ ಮೌಂಟ್ ರಾಬರ್ಟ್ಸ್ ಅಂತ ಬೆಟ್ಟ. ಹಡಗು ನಿಲ್ಲೋ ಜಾಗದಿಂದಲೇ ರೋಪ್‌ವೇ ಮೇಲೆ ಹೋಗತ್ತೆ, ಸುಮಾರು 1,800 ಅಡಿ. ಅದೇ ಜಾಗಕ್ಕೆ ಕಾಡಿನ ಒಳಗೆ ಕಾಲುದಾರಿನೂ ಇದೆ, ಸುಮಾರು ನಾಲ್ಕು ಕಿಲೋಮೀಟರ್, ಪೂರ್ತಿ ಏರು. ಅಪ್ಪ-ಅಮ್ಮ-ಅಕ್ಕ ರೋಪ್‌ವೇಗೆ ಟಿಕೆಟ್ ತಗೊಂಡ್ರು, ನಾನು ಬ್ಯಾಗ್ ಬಿಗಿ ಮಾಡ್ದೆ. ಒದ್ದೆ ಬೇರು, ಪಾಚಿ, ಕಡಿದಾದ ತಿರುವು. ಒಂದೂವರೆ ಗಂಟೆಗೆ ಬೆವರು ಸುರಿಸ್ಕೊಂಡು ಮೇಲೆ ಬಂದ್ರೆ ಅಪ್ಪ ಬೆಂಚ್ ಮೇಲೆ ಕೂತಿದ್ದಾರೆ, ಕೈಯಲ್ಲಿ ಕಾಫಿ. "ಏನೋ, ಲೇಟು?" ಅಂದ್ರು. ನಮ್ಮ ಮೂವತ್ತು ವರ್ಷದ ಇತಿಹಾಸದಲ್ಲಿ ಅಪ್ಪ ನನಗಿಂತ ಮುಂದೆ ಬೆಟ್ಟದ ಮೇಲಿರೋದು ಹೊಸದೇನಲ್ಲ. ಆದ್ರೆ ಮಂಡಿ ಆಪರೇಷನ್ ಆದ ಮೇಲೆ ಅದೇ ಮೊದಲು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಏನೂ ಮಾತಾಡೋಕೆ ಆಗ್ಲಿಲ್ಲ.

ಮರುದಿನ ಅತಿಯಾಸೆ ಮಾಡ್ದೆ. ಸ್ಕಾಗ್ವೇ ಪುಟ್ಟ ಊರು. ಕ್ಲಾಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ, 1897-98ರಲ್ಲಿ, ಸಾವಿರಾರು ಜನ ಇಲ್ಲಿಂದ ಮತ್ತು ಪಕ್ಕದ ಡೈಯಾದಿಂದ ಬೆಟ್ಟ ದಾಟಿ ಹೋದ್ರು. ಗಡಿಯಲ್ಲಿ ಕೆನಡಾ ಪೊಲೀಸರು ಒಂದು ವರ್ಷದ ಸಾಮಾನು ಇಲ್ಲದೆ ಒಳಗೆ ಬಿಡ್ತಿರಲಿಲ್ಲ. ತಲೆಗೆ ಸುಮಾರು ಒಂದು ಟನ್! ಅದನ್ನ ಹೊತ್ತು ಒಬ್ಬೊಬ್ಬ ಹತ್ತಾರು ಸಲ ಅದೇ ಏರು ಹತ್ತಬೇಕಿತ್ತು. ನಾವು ಹತ್ತು ಕೆಜಿ ಬ್ಯಾಗಿಗೆ ಗೊಣಗ್ತೀವಿ. ಆಮೇಲೆ 1898ರಿಂದ 1900ರೊಳಗೆ ಅಲ್ಲಿ ನ್ಯಾರೋ ಗೇಜ್ ರೈಲು ಹಾಕಿದ್ರು, ಅದು ಈಗ ಪ್ರವಾಸಿ ರೈಲು. ಮನೆಯವರು ಅದರಲ್ಲಿ ಹೋದ್ರು. ತಲೆಗೆ ನೂರು ಡಾಲರ್ ದಾಟತ್ತೆ, ಕ್ರೂಸ್ ಟಿಕೆಟ್‌ನಲ್ಲಿ ಸೇರಿಲ್ಲ. ಹೀಗೆ ಸೇರದೇ ಇರೋದು ಬಹಳ: ವೈಫೈ, ದಿನದಿನದ ಟಿಪ್ಸ್, ಇಳಿದ ಮೇಲಿನ ಎಲ್ಲ ಟೂರು. ಒಬ್ಬರೇ ಹೋದ್ರೂ ಸಾಮಾನ್ಯವಾಗಿ ಇಬ್ಬರ ರೂಮಿನ ರೇಟು ಬೀಳತ್ತೆ.

ನಾನು ಹತ್ತಿದ್ದು ಡ್ಯೂಯಿ ಲೇಕ್ಸ್ ದಾರಿ. ಊರಿನ ಅಂಚಲ್ಲಿ ರೈಲು ಹಳಿ ದಾಟಿದ್ರೆ ಶುರು. ಕೆಳಗಿನ ಕೆರೆ 500 ಅಡಿ ಏರು, ಯಾರು ಬೇಕಾದ್ರೂ ಹೋಗಬಹುದು. ಮೇಲಿನ ಕೆರೆ 3,000 ಅಡಿ ಮೇಲೆ. ನಾನು ಮೇಲಿನದಕ್ಕೇ ಹೊರಟೆ, ಅದೂ ತಿಂಡಿ-ಗಿಂಡಿ ಮುಗಿಸಿ ಹನ್ನೊಂದಕ್ಕೆ. ಮೇಲ್ಮೇಲೆ ಹೋದ ಹಾಗೆ ಕೆಸರು, ಅಲ್ಲಲ್ಲಿ ಹಿಮ. ಎರಡೂವರೆ ಆದ್ರೂ ಕೆರೆ ಕಾಣಿಸ್ಲಿಲ್ಲ. ಗಡಿಯಾರ ನೋಡಿದೆ, ಎದೆ ಝಲ್ ಅಂತು. ಒಂದು ವಿಷಯ ನೆನಪಿಡಿ: ಹಡಗಿನವರೇ ಮಾರೋ ಟೂರ್ ತಡ ಆದ್ರೆ ಅವರು ಕಾಯ್ತಾರೆ, ಇಲ್ಲಾ ಮುಂದಿನ ವ್ಯವಸ್ಥೆ ಮಾಡ್ತಾರೆ. ನೀವಾಗೇ ಹೋಗಿ ತಡ ಮಾಡಿದ್ರೆ ಹಡಗು ಹೊರಟೇ ಬಿಡತ್ತೆ, ಮುಂದಿನ ಊರಿಗೆ ನಿಮ್ಮ ಖರ್ಚಲ್ಲಿ ನೀವೇ ಹೋಗಬೇಕು. ನನ್ನ ಪಾಸ್‌ಪೋರ್ಟ್ ಬೇರೆ ರೂಮಿನ ಲಾಕರ್‌ನಲ್ಲಿತ್ತು. ವಾಪಸ್ ತಿರುಗಿ ಜಾರಿಕೊಂಡು ಜಾರಿಕೊಂಡು ಇಳಿದೆ. ದಾರಿಯ ಬುಡದಲ್ಲಿ ಅಪ್ಪ ಕೋಲು ಊರಿ ನಿಂತಿದ್ರು. ಬೈಯಲಿಲ್ಲ. "ನಿಮ್ಮಮ್ಮ ಹಡಗಲ್ಲಿ ಅಳ್ತಾ ಕೂತಿದ್ದಾಳೆ" ಅಂದ್ರು, ಅಷ್ಟೇ.

ನಿಜ ಹೇಳ್ಬೇಕಂದ್ರೆ, ಅಂಥ ನಡಿಗೆಯಲ್ಲಿ ನಡಿಗೆಯ ಸುಖ ಇಲ್ಲ. ಪ್ರತಿ ಹತ್ತು ನಿಮಿಷಕ್ಕೆ ವಾಚ್ ನೋಡ್ಕೊಂಡು ಯಾರು ಬೆಟ್ಟ ಹತ್ತುತ್ತಾರೆ? ನವಮಂಗಳೂರು ಬಂದರಿಗೂ ಕ್ರೂಸ್ ಹಡಗು ಬರತ್ತಲ್ಲ. ಆ ವಿದೇಶಿಯರು ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ ದೇವಸ್ಥಾನ ನೋಡ್ಕೊಂಡು ಸಂಜೆಗೆ ವಾಪಸ್. ಕುದುರೆಮುಖ ಅವರ ಪಾಲಿಗೆ ಇಲ್ಲವೇ ಇಲ್ಲ. ಅಲಾಸ್ಕಾದಲ್ಲಿ ನಾವೂ ಅವರೇ.

ಹಾಗಾದ್ರೆ ಬೇಡ ಅಂತಾನಾ? ತಾಳಿ, ಗುರುವಾರ ಇನ್ನೂ ಬಾಕಿ ಇದೆ.

ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕ್. ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗಿಗೆ ಅನುಮತಿ. ಬೆಳಿಗ್ಗೆ ಪಾರ್ಕ್ ರೇಂಜರ್‌ಗಳು ಬೋಟಲ್ಲಿ ಬಂದು ನಮ್ಮ ಹಡಗು ಹತ್ತಿದ್ರು, ದಿನವಿಡೀ ಮೈಕ್‌ನಲ್ಲಿ ಹೇಳ್ತಾನೇ ಇದ್ರು. 1794ರಲ್ಲಿ ವ್ಯಾಂಕೂವರ್‌ನ ಸಮೀಕ್ಷಾ ತಂಡ ಬಂದಾಗ ಈ ಕೊಲ್ಲಿ ಹೆಚ್ಚುಕಮ್ಮಿ ಪೂರ್ತಿ ಮಂಜುಗಡ್ಡೆ. 1879ರಲ್ಲಿ ಜಾನ್ ಮ್ಯೂರ್ ಬರೋ ಹೊತ್ತಿಗೆ ಆ ಮಂಜು ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಇದು ಹುನಾ ಟ್ಲಿಂಗಿಟ್ ಜನರ ಮೂಲ ನೆಲ, ಮಂಜು ಮುಂದೆ ಬಂದಾಗ ಅವರು ಊರು ಬಿಡಬೇಕಾಯ್ತು. ಈಗ ಹಡಗು ಆ ಖಾಲಿಯಾದ ಜಾಗದ ಮೇಲೇ ಗಂಟೆಗಟ್ಟಲೆ ಹೋಗತ್ತೆ. ಕೊನೆಯಲ್ಲಿ ಮಾರ್ಜರಿ ಹಿಮನದಿ, ಸುಮಾರು ಒಂದು ಮೈಲಿ ಅಗಲದ ನೀಲಿ-ಬಿಳಿ ಗೋಡೆ. ಹಡಗು ಅದರ ಮುಂದೆ ನಿಂತಿತು.

ಮೊದಲು ಬೀಳೋದು ಕಾಣತ್ತೆ, ಆಮೇಲೆ ಸದ್ದು. ಮನೆಗಾತ್ರದ ತುಂಡು ಸದ್ದಿಲ್ಲದೆ ಜಾರತ್ತೆ, ಒಂದೆರಡು ಕ್ಷಣ ಬಿಟ್ಟು ಗುಡುಗು. ಟ್ಲಿಂಗಿಟ್ ಜನ ಅದನ್ನ ಬಿಳಿ ಗುಡುಗು ಅಂತಾರಂತೆ. ಮೂರು ಸಾವಿರ ಜನ ಡೆಕ್ ಮೇಲಿದ್ರೂ ಪಿಟ್ ಅನ್ನಲಿಲ್ಲ.

ಅಪ್ಪ ಕೇಳಿದ್ರು, "ಇಲ್ಲಿಗೆ ನಡ್ಕೊಂಡು ಬರೋಕೆ ದಾರಿ ಎಲ್ಲಿದೆಯೋ?" ನಾನು ಮೊದಲೇ ನೋಡಿದ್ದೆ, ದಾರಿ ಇಲ್ಲ. ಗಸ್ಟೇವಸ್ ಅನ್ನೋ ಹಳ್ಳಿಯಿಂದ ಪಾರ್ಕಿನ ಬಾಗಿಲವರೆಗೆ ಹದಿನಾರು ಕಿಲೋಮೀಟರ್ ರಸ್ತೆ, ಆಮೇಲೆ ನೀರೇ. ಬೋಟು, ಇಲ್ಲಾ ದಿನಗಟ್ಟಲೆ ಕಯಾಕ್. ಎಷ್ಟೇ ಗಟ್ಟಿ ಕಾಲಿದ್ರೂ ಅಲ್ಲಿ ಕಾಲಿಗೆ ಕೆಲಸ ಇಲ್ಲ. ಐದು ಗಂಟೆ ನಾನು ರೇಲಿಂಗ್ ಹಿಡ್ಕೊಂಡು ಅಪ್ಪನ ಪಕ್ಕ ನಿಂತಿದ್ದೆ. ಚಳಿಗೆ ಮೂಗು ಸೋರ್ತಿತ್ತು, ಒಳಗೆ ಹೋಗೋ ಮನಸ್ಸಾಗ್ಲಿಲ್ಲ.

ಕೆಚಿಕನ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ, ಮಳೆ. ವರ್ಷಕ್ಕೆ ಸುಮಾರು ಆಗುಂಬೆಯ ಅರ್ಧದಷ್ಟು ಸುರಿಯತ್ತೆ. ಛತ್ರಿ ಬೇಡ, ಒಳ್ಳೇ ರೇನ್ ಜಾಕೆಟ್ ಒಯ್ಯಿರಿ.

ಈಗ ವಾಯ್ಸ್ ನೋಟ್ ಕಳಿಸಿದವರಿಗೆ ನೇರವಾಗಿ. ನೀವು, ನಿಮ್ಮ ಯಜಮಾನ್ರು ಇಬ್ಬರೇ ಹೋಗೋದಾದ್ರೆ ದೊಡ್ಡ ಕ್ರೂಸ್ ಬೇಡ. ಅಲಾಸ್ಕಾ ಸರ್ಕಾರದ್ದೇ ಫೆರ್ರಿ ಸರ್ವಿಸ್ ಇದೆ, ಅಲಾಸ್ಕಾ ಮರೀನ್ ಹೈವೇ, 1963ರಿಂದ ಓಡ್ತಿದೆ. ನಿಮ್ಮ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಿಂದಲೇ ಹತ್ತಬಹುದು. ಡೆಕ್ ಮೇಲೆ ಟೆಂಟ್ ಹಾಕಿ ಮಲಗೋರೂ ಇದ್ದಾರೆ. ಬೇಕಾದ ಊರಲ್ಲಿ ಇಳಿದು ಮೂರು ದಿನ ಇದ್ದು, ಮುಂದಿನ ಫೆರ್ರಿ ಹಿಡಿಯಬಹುದು. ವೇಳಾಪಟ್ಟಿ ಬದಲಾಗ್ತಿರತ್ತೆ, ಮೊದಲೇ ನೋಡಿ. ನೂರು ಜನಕ್ಕಿಂತ ಕಮ್ಮಿ ಇರೋ ಸಣ್ಣ ಹಡಗುಗಳೂ ಇವೆ, ಕಯಾಕ್ ಕೊಟ್ಟು ನೀರಿಗಿಳಿಸ್ತಾರೆ, ಆದ್ರೆ ರೇಟು ಕೇಳಿದ್ರೆ ಕೂತ್ಕೋಬೇಕು.

ಅತ್ತೆ-ಮಾವ ಜೊತೆಗಿದ್ರೆ ದೊಡ್ಡ ಹಡಗೇ ಸರಿ, ಹೋಗಿ. ಎರಡು ಬಂದರಾದ್ರೂ ಎಂಟು ಗಂಟೆಗಿಂತ ಹೆಚ್ಚು ನಿಲ್ಲೋ ಹಡಗು ಆರಿಸಿ. ಗ್ಲೇಸಿಯರ್ ಬೇ ಇರೋದೇ ಬೇಕು ಅಂತ ಹಠ ಮಾಡಿ, ಎಲ್ಲ ಹಡಗೂ ಅಲ್ಲಿಗೆ ಹೋಗಲ್ಲ. ಸಮುದ್ರದ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಓಡಿ, ಆಗ ಡೆಕ್ ಖಾಲಿ. ಜೂನೋದಲ್ಲಿ ಮಾವನವರನ್ನ ರೋಪ್‌ವೇ ಹತ್ತಿಸಿ ನೀವು ಕಾಲುದಾರಿ ಹಿಡೀರಿ. ಸ್ಕಾಗ್ವೇಯಲ್ಲಿ ಕೆಳಗಿನ ಕೆರೆಗೆ ನಿಲ್ಲಿಸಿ, ಪಾಸ್‌ಪೋರ್ಟ್ ಜೇಬಲ್ಲಿಟ್ಟು.

ಅಂದಹಾಗೆ, ಮೇಲಿನ ಡ್ಯೂಯಿ ಕೆರೆ ನಾನಿನ್ನೂ ನೋಡಿಲ್ಲ. ನಿಮ್ಮಲ್ಲಿ ಯಾರಾದ್ರೂ ಹೋಗಿದ್ರೆ ಫೋಟೋ ಕಳಿಸಿ, ಅಪ್ಪನಿಗೆ ತೋರಿಸಬೇಕು. ಸಿಗೋಣ ಮುಂದಿನ ವಾರ.